ಮರಳು ನಮ್ಮದೇ

ಎಪ್ಪತ್ತರ ದಶಕದಲ್ಲಿ ಬೆಂಗಳೂರಿನ ಅಂಚಿನ ನಮ್ಮ ಹೆಬ್ಬಾಳಕ್ಕೆ ಕರೆಂಟು ಬಂದಿತ್ತು. ಆದರೆ ಅದನ್ನು ನಂಬಿಕೊಂಡು ಮದುವೆ ಇಟ್ಟುಕೊಳ್ಳುವ ಧೈರ್ಯ ಯಾರಿಗೂ ಇರಲಿಲ್ಲ. ಮೆರವಣಿಗೆಗೆ ಗ್ಯಾಸ್‌ಲೈಟುಗಳನ್ನು ಬಾಡಿಗೆಗೆ ತರಲೇಬೇಕಿತ್ತು. ಸೀಮೆಎಣ್ಣೆ ತುಂಬಿ, ಸ್ಪಿರಿಟ್ ಹಚ್ಚಿ ಕಾಯಿಸಿ, ಪಂಪು ಹೊಡೆದು, ಪಿನ್ನು ಆಡಿಸಿ ಅದನ್ನು ಹೊತ್ತಿಸುವ ವಿದ್ಯೆ ಊರಿನಲ್ಲಿ ನಾಲ್ಕಾರು ಜನಕ್ಕೆ ಮಾತ್ರ ಗೊತ್ತಿತ್ತು. ಆ ಒಂದು ಗಳಿಗೆ ಬೀಗರೂ ಅವರ ಮುಖ ನೋಡಿಕೊಂಡು ನಿಂತಿರಬೇಕು. ತಲೆಯ ಮೇಲೆ ಸಿಂಬಿ ಇಟ್ಟು ಲೈಟು ಹೊತ್ತವರಿಗೆ ಮಾತ್ರ ಊಟ ಕೊನೆಯ ಪಂಕ್ತಿಯಲ್ಲಿ. ಇದನ್ನೂ ಹೇಳಬೇಕು. ಇಲ್ಲದಿದ್ದರೆ ಆ ಬೆಳಕು ಬರೀ ಚೆಂದವಾಗಿ ಉಳಿದುಬಿಡುತ್ತದೆ.

ಲೈಟಿನ ಜೀವವೆಲ್ಲ ಮ್ಯಾಂಟಲಿನಲ್ಲಿ. ಹೊಸ ಮ್ಯಾಂಟಲು ನೂಲಿನದು. ಮೊದಲ ಸಲ ಹೊತ್ತಿಸಿದಾಗ ನೂಲೆಲ್ಲ ಉರಿದುಹೋಗಿ ಬಿಳಿ ಬೂದಿಯ ಜಾಲರಿಯಷ್ಟೇ ಉಳಿಯುತ್ತದೆ. ಬೆಳಗುವುದು ಆ ಬೂದಿ. ಒಂದು ಹಾತೆ ಬಡಿದರೂ ಉದುರುತ್ತದೆ, ಆದ್ದರಿಂದ ಲೈಟಿನವರ ಜೇಬಿನಲ್ಲಿ ಯಾವಾಗಲೂ ಒಂದೆರಡು ಮ್ಯಾಂಟಲಿನ ಪ್ಯಾಕೆಟ್ಟು ಇರುತ್ತಿದ್ದವು. ಉದುರಿದ್ದನ್ನು ನಾವು ಹುಡುಗರು ಬೆರಳಲ್ಲಿ ಹೊಸಕಿ, ಬಿಳಿ ಪುಡಿಯನ್ನು ಮೂಗಿಗೆ ಗಲ್ಲಕ್ಕೆ ಬಳಿದುಕೊಂಡು ಕುಣಿಯುತ್ತಿದ್ದೆವು. ಆ ಪುಡಿಯಲ್ಲಿ 100ಕ್ಕೆ 99 ಪಾಲು ಥೋರಿಯಂ ಆಕ್ಸೈಡು, ಒಂದು ಪಾಲು ಸೀರಿಯಂ ಆಕ್ಸೈಡು. ಥೋರಿಯಂ ವಿಕಿರಣ ಸೂಸುವ ಧಾತು ಎಂದು ಹೇಳುವವರು ಯಾರೂ ಇರಲಿಲ್ಲ. ಹೇಳಿದ್ದರೂ ಕೇಳುವವರಿರಲಿಲ್ಲ ಬಿಡಿ.

ಬರೀ ಥೋರಿಯಂ ಕಾದರೆ ಬೆಳಕು ಮಂಕು. ಆ ಒಂದು ಪಾಲು ಸೀರಿಯಂ ಬೆರೆತದ್ದಕ್ಕೇ ಅಷ್ಟು ಬಿಳುಪು. ಆಸ್ಟ್ರಿಯಾದ ಕಾರ್ಲ್ ಆವರ್ ಫಾನ್ ವೆಲ್ಸ್‌ಬಾಖ್ ಎಂಬ ರಸಾಯನವಿಜ್ಞಾನಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಈ ಹದವನ್ನು ಕಂಡುಕೊಂಡ. ಈಗ ಪತ್ರಿಕೆಗಳು ‘ರೇರ್ ಅರ್ಥ್’ ಎಂದು ಬರೆಯುವ 17 ಲೋಹಗಳಲ್ಲಿ ಸೀರಿಯಂ ಒಂದು. ಹಾಗೆ ನೋಡಿದರೆ ಅದು ಅಪರೂಪದ್ದೇನೂ ಅಲ್ಲ, ಭೂಮಿಯ ಹೊರಪದರದಲ್ಲಿ ಹೆಚ್ಚುಕಡಿಮೆ ತಾಮ್ರದಷ್ಟೇ ಇದೆ. ತೊಡಕು ಇರುವುದು ಬಿಡಿಸುವುದರಲ್ಲಿ. ಈ ಲೋಹಗಳ ರಾಸಾಯನಿಕ ಗುಣ ಒಂದರದು ಇನ್ನೊಂದಕ್ಕೆ ಎಷ್ಟು ಹತ್ತಿರವೆಂದರೆ, ಆಮ್ಲದಲ್ಲಿ ಕರಗಿಸಿ, ದ್ರಾವಕದಿಂದ ದ್ರಾವಕಕ್ಕೆ ನೂರಾರು ಸಲ ದಾಟಿಸಿದ ಮೇಲೇ ಒಂದೊಂದಾಗಿ ಬೇರೆಯಾಗುತ್ತವೆ.

ಆ ಸೀರಿಯಂ, ಥೋರಿಯಂ ಬರುತ್ತಿದ್ದದ್ದು ನಮ್ಮದೇ ದಕ್ಷಿಣದ ಕಡಲಿನಿಂದ. ತಿರುವಾಂಕೂರು ಸೀಮೆಯ ಮನವಾಳಕುರಿಚಿಯಿಂದ ಯುರೋಪಿಗೆ ಹೋಗುತ್ತಿದ್ದ ತೆಂಗಿನ ನಾರಿಗೆ ಅಂಟಿಕೊಂಡಿದ್ದ ಮರಳಿನಲ್ಲಿ ಈ ಎರಡನ್ನೂ ಹೊತ್ತ ಮೊನಜೈಟ್ ಖನಿಜ ಇದೆಯೆಂದು 1909ರಲ್ಲಿ ಜರ್ಮನಿಯ ಶೋಂಬರ್ಗ್ ಪತ್ತೆಮಾಡಿದ. ಅಲ್ಲಿಂದ ಮುಂದೆ ಮರಳು ಹಡಗು ಹತ್ತಿತು, ಮ್ಯಾಂಟಲು ಹಡಗಿನಿಂದ ಇಳಿಯಿತು. ಮೊದಲ ಮಹಾಯುದ್ಧ ಬಂದಾಗ ಜರ್ಮನರನ್ನು ಹೊರಗಟ್ಟಿದ ಬ್ರಿಟಿಷರು ಆ ವ್ಯಾಪಾರವನ್ನು ತಮ್ಮ ಕೈಗೆ ತೆಗೆದುಕೊಂಡರು. ಮರಳು ತೋಡಿದ ಕೂಲಿಯವರಿಗೆ ಧಣಿಯ ಬಣ್ಣದಲ್ಲಿ ಅಂಥ ವ್ಯತ್ಯಾಸವೇನೂ ಕಂಡಿರಲಾರದು.

ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರ ಈ ಒಂದು ವಿಷಯದಲ್ಲಿ ಚುರುಕಾಗಿತ್ತು ಎನ್ನಲೇಬೇಕು. ಕಾರಣ ಮ್ಯಾಂಟಲಲ್ಲ, ಪರಮಾಣು. ಎರಡನೆಯ ಮಹಾಯುದ್ಧದ ವರ್ಷಗಳನ್ನು ನಮ್ಮ ಯಶವಂತಪುರದ ಪಕ್ಕದ ಟಾಟಾ ಇನ್‌ಸ್ಟಿಟ್ಯೂಟಿನಲ್ಲೇ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ, ಕಳೆದಿದ್ದ ಪರಮಾಣು ವಿಜ್ಞಾನಿ ಹೋಮಿ ಭಾಭಾ ಅವರಿಗೆ ಥೋರಿಯಂ ಮೇಲೆ ಬಹಳ ಭರವಸೆ. 1949ರಲ್ಲಿ ವಿರಳ ಖನಿಜಗಳ ಶೋಧಕ್ಕೆಂದೇ ಒಂದು ಘಟಕ ಶುರುವಾಯಿತು. ಅದೇ ಬೆಳೆದು ಪರಮಾಣು ಖನಿಜ ನಿರ್ದೇಶನಾಲಯವಾಯಿತು, ಅದರ ದಕ್ಷಿಣ ವಲಯದ ಕಚೇರಿ ಇವತ್ತು ನಾಗರಬಾವಿಯಲ್ಲಿದೆ. 1950ರ ಆಗಸ್ಟಿನಲ್ಲಿ ಇಂಡಿಯನ್ ರೇರ್ ಅರ್ಥ್ಸ್ ಕಂಪನಿ, ಅಂದರೆ ಈಗಿನ ಐಆರ್‌ಇಎಲ್ ಹುಟ್ಟಿತು. ಕೇರಳದ ಆಲುವಾದಲ್ಲಿ ಅದರ ಕಾರ್ಖಾನೆ ಎದ್ದಿತು. ಆ ಹೊತ್ತಿಗೆ ಏಷ್ಯಾದಲ್ಲಿ ಇಂಥ ಕಾರ್ಖಾನೆ ಇಟ್ಟುಕೊಂಡ ದೇಶಗಳು ಹೆಚ್ಚಿರಲಿಲ್ಲ.

1951ರ ಕತೆ ಶಾಲೆಯ ಪುಸ್ತಕದಲ್ಲಿ ಇರಬೇಕಿತ್ತು. ದೇಶದಲ್ಲಿ ಬರ. ಅಮೆರಿಕದ ಮುಂದೆ 20 ಲಕ್ಷ ಟನ್ ಗೋಧಿಗೆ ಕೈಚಾಚಿದ್ದೆವು. ಗೋಧಿ ಕೊಡುವುದಾದರೆ ಬದಲಿಗೆ ಮೊನಜೈಟ್ ಕೊಡಿ ಎಂಬ ಮಾತು ಅಲ್ಲಿನ ಸಂಸತ್ತಿನಲ್ಲಿ ಎದ್ದಿತು. ಬಾಂಬಿಗೆ ದಾರಿಯಾಗುವ ವಸ್ತುವನ್ನು ಕೊಡುವುದಿಲ್ಲವೆಂದು ನೆಹರೂ ಹಟ ಹಿಡಿದರು. ತಿಂಗಳುಗಟ್ಟಲೆ ಚೌಕಾಸಿಯಾದ ಮೇಲೆ 19 ಕೋಟಿ ಡಾಲರ್ ಸಾಲದ ರೂಪದಲ್ಲಿ ಗೋಧಿ ಬಂತು. ಹೊಟ್ಟೆಗಿಲ್ಲದ ದೇಶ ಮರಳಿಗಾಗಿ ಬಿಗಿಹಿಡಿದು ಕೂತದ್ದು ಸರಿಯೇ ಎಂದು ಕೇಳಿದರೆ, ಆ ವರ್ಷ ಬಿಹಾರದಲ್ಲಿ ಹಸಿದಿದ್ದವರ ಉತ್ತರ ಬೇರೆಯೇ ಇದ್ದೀತು. ಆದರೂ ಕೈಯಲ್ಲಿರುವುದು ಏನೆಂದು ದೆಹಲಿಗೆ ಗೊತ್ತಿತ್ತು ಅನ್ನುವುದಂತೂ ನಿಜ.

ಎರಡು ವರ್ಷ ಕಳೆದು, 1953ರಲ್ಲಿ, ಇನ್ನೂ ಒಂದು ರಾದ್ಧಾಂತ. ಐಆರ್‌ಇಎಲ್ ಸುಮಾರು ಒಂದು ಟನ್ ಥೋರಿಯಂ ನೈಟ್ರೇಟನ್ನು ಚೀನಾಕ್ಕೆ ಮಾರಿತು. ಪೋಲೆಂಡಿನ ಹಡಗಿನಲ್ಲಿ ಮಾಲು ಹೊರಟಿತು. ಮ್ಯಾಂಟಲಿಗೆ ಹಾಕುವಂಥದ್ದೇ ಸರಕು. ಆದರೆ ಕಮ್ಯುನಿಸ್ಟ್ ದೇಶಗಳಿಗೆ ಇಂಥ ವಸ್ತು ಮಾರಿದವರಿಗೆ ನೆರವು ನಿಲ್ಲಿಸಬೇಕೆಂದು ಅಮೆರಿಕದಲ್ಲಿ ಕಾನೂನಿತ್ತು. ರಾಯಭಾರಿಗಳು ಓಡಾಡಿ, ಕಾಗದಗಳು ಹೋಗಿ ಬಂದು, ಕೊನೆಗೆ ನೆರವು ನಿಲ್ಲದೆ ಪ್ರಕರಣ ತಣ್ಣಗಾಯಿತು. ಆಗ ಮಾರುವವರು ನಾವು, ಕೊಳ್ಳುವವರು ಚೀನಾದವರು. ಚೀನಾ ಈ ಲೋಹಗಳ ರಫ್ತು ಬಿಗಿಮಾಡಿದ ಸುದ್ದಿ ಓದುವಾಗ ಈ ಹಡಗು ನನಗೆ ಆಗಾಗ ನೆನಪಾಗುತ್ತದೆ.

ಇಷ್ಟೆಲ್ಲ ನಡೆದದ್ದು ನಾನು ಹುಟ್ಟುವುದಕ್ಕೆ ಮೊದಲು. ನನ್ನ ಕಾಲಕ್ಕೆ ಬಂದರೆ, ಅಪ್ಪ ಜಾಲಹಳ್ಳಿಯ ಬಿಇಎಲ್‌ನಲ್ಲಿ ಕೆಲಸಕ್ಕಿದ್ದರು. 1954ರಲ್ಲಿ ಶುರುವಾದ ಆ ಕಾರ್ಖಾನೆಯಲ್ಲಿ 1961ರಿಂದ ರೇಡಿಯೋ ವಾಲ್ವು, ಆಮೇಲೆ ಟ್ರಾನ್ಸಿಸ್ಟರು, ಇನ್ನೂ ಆಮೇಲೆ ಟಿವಿಯ ಪಿಕ್ಚರ್ ಟ್ಯೂಬು ತಯಾರಾದವು. ಗಾಜು ಊದುವುದು, ಗಾಳಿ ಹೀರಿ ತೆಗೆಯುವುದು, ತಂತಿ ಬೆಸೆಯುವುದು ಎಲ್ಲ ಅಪ್ಪನಿಗೆ ಗೊತ್ತಿತ್ತು. ರಾಡಾರಿನ ಕೆಲಸದ ಬಗ್ಗೆ ಮಾತ್ರ ಮನೆಯಲ್ಲಿ ಬಾಯಿಬಿಡುತ್ತಿರಲಿಲ್ಲ. 1984ರಲ್ಲಿ ಅದೇ ಆವರಣದಲ್ಲಿ ಡಿಆರ್‌ಡಿಒದ ಮೈಕ್ರೋವೇವ್ ಟ್ಯೂಬುಗಳ ಸಂಶೋಧನಾ ಕೇಂದ್ರ ಬಂತು. ಯುದ್ಧವಿಮಾನದ ರಾಡಾರಿಗೆ ಬೇಕಾದ ಟ್ಯೂಬಿನೊಳಗೆ ಎಲೆಕ್ಟ್ರಾನುಗಳ ಧಾರೆ ಚದುರದಂತೆ ಹಿಡಿದಿಡಲು ಸಾಲಾಗಿ ಸಮೇರಿಯಂ-ಕೋಬಾಲ್ಟಿನ ಪುಟ್ಟ ಉಂಗುರಗಳನ್ನು ಜೋಡಿಸುತ್ತಾರೆ. ಸಮೇರಿಯಂ ಕೂಡ ಆ 17ರಲ್ಲಿ ಒಂದು. ಯಲಹಂಕದಲ್ಲಿ 1996ರಿಂದ ನಡೆಯುತ್ತಿರುವ ವೈಮಾನಿಕ ಪ್ರದರ್ಶನಕ್ಕೆ ಊರಿಗೂರೇ ಕತ್ತೆತ್ತಿ ನಿಲ್ಲುತ್ತದಲ್ಲ, ತಲೆಯ ಮೇಲೆ ಹಾರುವ ಆ ವಿಮಾನಗಳ ರಾಡಾರು, ಸಣ್ಣ ಮೋಟರುಗಳು ಈ ಲೋಹಗಳಿಲ್ಲದೆ ಕೆಲಸ ಮಾಡುವುದಿಲ್ಲ.

ಮನೆಯೊಳಗೂ ಅವು ಸದ್ದಿಲ್ಲದೆ ಬಂದಿದ್ದವು. 1981ರ ನವೆಂಬರ್ 1ರಂದು ಬೆಂಗಳೂರು ದೂರದರ್ಶನ ಶುರುವಾಯಿತು. ಕೆಲವು ವರ್ಷಕ್ಕೆ ಪಕ್ಕದ ಬೀದಿಗೆ ಕಲರ್ ಟಿವಿ ಬಂದಾಗ ಕುಂಕುಮ ಕುಂಕುಮದ ಹಾಗೇ ಕಂಡಿದ್ದು ಯುರೋಪಿಯಂ ಬೆರೆಸಿದ ಯಟ್ರಿಯಂ ಪುಡಿಯಿಂದ. ಜಾಲಹಳ್ಳಿ ಎಚ್‌ಎಂಟಿಯವರು ಮಾಡಿದ ಕ್ವಾರ್ಟ್ಸ್ ಗಡಿಯಾರದೊಳಗೆ ಸಾಸಿವೆಯಷ್ಟು ಸಣ್ಣದೊಂದು ಮ್ಯಾಗ್ನೆಟ್ ಇರುತ್ತದೆ. ಅದೂ ಸಮೇರಿಯಂ-ಕೋಬಾಲ್ಟೇ. 1987ರಲ್ಲಿ ಯಟ್ರಿಯಂ, ಬೇರಿಯಂ, ತಾಮ್ರದ ಆಕ್ಸೈಡಿನ ಅತಿವಾಹಕದ ಸುದ್ದಿ ಜಗತ್ತನ್ನೇ ಹಿಡಿದಾಗ ಟಾಟಾ ಇನ್‌ಸ್ಟಿಟ್ಯೂಟಿನ ಸಿ.ಎನ್.ಆರ್. ರಾವ್ ಅವರ ತಂಡ ಆ ಓಟದಲ್ಲಿ ಮುಂದಿನ ಸಾಲಿನಲ್ಲೇ ಇತ್ತು. ಎರಡು ವರ್ಷಕ್ಕೆ ನಮ್ಮ ಪಕ್ಕದ ಜಕ್ಕೂರಿನಲ್ಲಿ ಜವಾಹರಲಾಲ್ ನೆಹರೂ ಉನ್ನತ ಸಂಶೋಧನಾ ಕೇಂದ್ರ ಹುಟ್ಟಿತು. ಅಂದರೆ ಹೆಬ್ಬಾಳದಿಂದ ಸೈಕಲ್ ತುಳಿಯುವಷ್ಟು ದೂರದಲ್ಲಿ ಈ ಲೋಹಗಳ ವಿಜ್ಞಾನ ಬಲ್ಲವರಿದ್ದರು, ಅವನ್ನು ಬಳಸುವ ಕಾರ್ಖಾನೆಗಳಿದ್ದವು. ನಡುವಿನ ಕೆಲಸ, ಆಕ್ಸೈಡನ್ನು ಲೋಹ ಮಾಡಿ, ಲೋಹವನ್ನು ಪುಡಿ ಮಾಡಿ, ಪುಡಿಯನ್ನು ಮ್ಯಾಗ್ನೆಟ್ ಮಾಡುವುದು, ದೇಶದ ಯಾವ ಮೂಲೆಯಲ್ಲೂ ದೊಡ್ಡ ಮಟ್ಟದಲ್ಲಿ ಬೇರೂರಲಿಲ್ಲ. ಈ ಬರಹದಲ್ಲಿ ನನಗೆ ಹೇಳಬೇಕಾದದ್ದು ಮುಖ್ಯವಾಗಿ ಇದೇ.

ಹೊರಗೆ ಅದೇ ಹೊತ್ತಿಗೆ ಆಟದ ನಿಯಮ ಬದಲಾಯಿತು. 1980ರ ದಶಕದ ಮೊದಲರ್ಧದಲ್ಲಿ ಜಪಾನಿನ ಮಸಾತೊ ಸಗಾವಾ, ಅಮೆರಿಕದ ಜನರಲ್ ಮೋಟರ್ಸಿನ ಜಾನ್ ಕ್ರೋಟ್ ಬೇರೆಬೇರೆಯಾಗಿಯೇ ನಿಯೋಡಿಮಿಯಂ, ಕಬ್ಬಿಣ, ಬೋರಾನಿನ ಮ್ಯಾಗ್ನೆಟ್ ಕಂಡುಹಿಡಿದರು. ಅಷ್ಟು ಸಣ್ಣ ಗಾತ್ರದಲ್ಲಿ ಅಷ್ಟು ಬಲದ ಮ್ಯಾಗ್ನೆಟ್ ಅದಕ್ಕೆ ಮೊದಲು ಇರಲಿಲ್ಲ. ಜನರಲ್ ಮೋಟರ್ಸ್ ಅದಕ್ಕೆಂದೇ ಕಟ್ಟಿದ ಮ್ಯಾಗ್ನೆಕ್ವೆಂಚ್ ಕಂಪನಿಯನ್ನು 1995ರಲ್ಲಿ ಚೀನೀ ಪಾಲುದಾರರಿದ್ದ ಕೂಟಕ್ಕೆ ಮಾರಿತು. ಕೆಲವೇ ವರ್ಷದಲ್ಲಿ ಯಂತ್ರಗಳೂ ಕಸುಬೂ ಚೀನಾ ಸೇರಿದವು. 2002ರಲ್ಲಿ ಕ್ಯಾಲಿಫೋರ್ನಿಯಾದ ಮೌಂಟನ್ ಪಾಸ್ ಗಣಿ ನಿಂತಿತು. 2004ರಲ್ಲಿ ಆಲುವಾದಲ್ಲಿ ಮೊನಜೈಟ್ ಸಂಸ್ಕರಿಸುವುದೂ ನಿಂತಿತು. ಚೀನಾದಿಂದ ಅಗ್ಗಕ್ಕೆ ಸಿಗುವಾಗ ನಾವೇಕೆ ಆಮ್ಲ ಕಾಯಿಸಬೇಕು ಅನ್ನುವುದು ಲೆಕ್ಕಪತ್ರದಲ್ಲಿ ಸರಿಯಾದ ಮಾತೇ. ವಿಕಿರಣ ಸೂಸುವ ಕಸವೂ ತಪ್ಪಿತು. ಚೀನಾದಲ್ಲಿ ಆ ಕಸ ಬಾವೊಟೌ ಪಟ್ಟಣದ ಪಕ್ಕ ದೊಡ್ಡ ಕೆರೆಯಾಗಿ ನಿಂತಿತು. ಅಗ್ಗದ ಬೆಲೆಯಲ್ಲಿ ಅದರ ಖರ್ಚು ಸೇರಿರಲಿಲ್ಲ.

ಆಲುವಾ ನಿಂತ ವರ್ಷಗಳಲ್ಲಿ ಹೆಬ್ಬಾಳದಲ್ಲಿ ನಮಗೆ ಬೇರೆಯೇ ಸಂಭ್ರಮವಿತ್ತು. 2003ರಲ್ಲಿ ಮೇಲ್ಸೇತುವೆ ಬಂತು. ನಾಗವಾರದ ಕಡೆ ಮಾನ್ಯತಾ ಟೆಕ್ ಪಾರ್ಕು ಎದ್ದಿತು. 2008ರಲ್ಲಿ ದೇವನಹಳ್ಳಿಗೆ ವಿಮಾನ ಇಳಿಯಿತು, ಬಳ್ಳಾರಿ ರಸ್ತೆಯ ಮರಗಳು ಅಗಲೀಕರಣಕ್ಕೆ ಹೋದವು, ಕೆರೆಯ ಪಕ್ಕದ ಜಮೀನಿನ ಬೆಲೆ ನಮ್ಮ ಬಾಯಲ್ಲಿ ಹೇಳುವ ಮಟ್ಟದಲ್ಲಿ ಉಳಿಯಲಿಲ್ಲ. ಮೂರೂವರೆ ಮಡಿ ಇದ್ದವನೂ ಬಿಲ್ಡರ್ ಜೊತೆ ಮಾತಿಗೆ ಕೂತ. ಇಂಥ ಊರಿನಲ್ಲಿ ಲೋಹ ಕರಗಿಸುವ ಕಸುಬಿಗೆ ಮಗನನ್ನು ಹಾಕುತ್ತೇನೆ ಎಂದರೆ ಹೆಣ್ಣು ಕೊಡುವವರಿರಲಿಲ್ಲ. ಎಚ್‌ಎಂಟಿಯ ಗಡಿಯಾರ ಕಂಪನಿ 2016ರಲ್ಲಿ ಮುಚ್ಚಿತು. ಅದಕ್ಕೆ ಚೀನಾವನ್ನು ಬೈದರೆ ಅನ್ಯಾಯವಾದೀತು. ಕ್ವಾರ್ಟ್ಸ್ ಬಂದಮೇಲೂ ಹೆಚ್ಚಾಗಿ ಕೀಲಿ ಕೊಡುವ ಗಡಿಯಾರವನ್ನೇ ಹಿಡಿದುಕೊಂಡದ್ದು ನಾವೇ.

2010ರ ಸೆಪ್ಟೆಂಬರಿನಲ್ಲಿ ಒಂದು ಎಚ್ಚರಿಕೆಯ ಗಂಟೆ ಬಾರಿಸಿತು. ಸೆಂಕಾಕು ದ್ವೀಪಗಳ ಬಳಿ ಮೀನಿನ ದೋಣಿಯೊಂದರ ಜಗಳಕ್ಕೆ ಚೀನಾ ಜಪಾನಿಗೆ ಈ ಲೋಹಗಳ ರಫ್ತನ್ನೇ ತಡೆಹಿಡಿಯಿತು. ಜಪಾನ್ ಎದ್ದು ಕೂತು ಆಸ್ಟ್ರೇಲಿಯಾದ ಗಣಿಗೆ ಹಣ ಹಾಕಿತು, ದಾಸ್ತಾನು ಮಾಡಿತು. ನಮ್ಮ ಒಡಿಶಾದ ವಿರಳ ಲೋಹಗಳಿಗೂ ಒಪ್ಪಂದ ಮಾಡಿಕೊಂಡಿತು. ಅಂದರೆ ಎಚ್ಚರಗೊಂಡ ಜಪಾನಿಗೆ ಕಚ್ಚಾ ಮಾಲು ಕೊಡುವವರು ನಾವಾದೆವು. ನಮ್ಮ ನಿದ್ದೆಗೆ ಭಂಗವಾಗಲಿಲ್ಲ.

ಭಂಗವಾದದ್ದು 2025ರ ಏಪ್ರಿಲ್ 4ರಂದು. ಅಮೆರಿಕದ ಸುಂಕಕ್ಕೆ ಉತ್ತರವಾಗಿ ಚೀನಾ ಸಮೇರಿಯಂ, ಟರ್ಬಿಯಂ, ಡಿಸ್ಪ್ರೋಸಿಯಂ ಸೇರಿದಂತೆ ಏಳು ಲೋಹಗಳಿಗೂ ಅವುಗಳ ಮ್ಯಾಗ್ನೆಟ್ಟುಗಳಿಗೂ ರಫ್ತು ಪರವಾನಗಿ ಕಡ್ಡಾಯ ಮಾಡಿತು. ಯಾರಿಗೆ, ಯಾವುದಕ್ಕೆ, ಸೈನ್ಯಕ್ಕೆ ಹೋಗುವುದಿಲ್ಲ ತಾನೇ ಎಂದು ಬರೆದುಕೊಟ್ಟ ಮೇಲೆ ಕಾಯಬೇಕು. ಮಾರುತಿ ತನ್ನ ಮೊದಲ ಎಲೆಕ್ಟ್ರಿಕ್ ಕಾರಿನ ತಯಾರಿಕೆಯ ಗುರಿ ಇಳಿಸಿತೆಂದು ವರದಿಯಾಯಿತು. ಆಗಸ್ಟಿನಲ್ಲಿ ಎಲೆಕ್ಟ್ರಿಕ್ ಗಾಡಿಗಳ ತಯಾರಿಕೆಯೇ ನಿಲ್ಲಬಹುದೆಂದು ಬಜಾಜ್ ಹೇಳಿತು. ಕೊಡಿಗೇಹಳ್ಳಿಯಲ್ಲಿರುವ ನನ್ನ ತಂಗಿಯ ಮಗ ಆಗಷ್ಟೇ ಒಂದು ಎಲೆಕ್ಟ್ರಿಕ್ ಸ್ಕೂಟರಿಗೆ ಮುಂಗಡ ಕಟ್ಟಿದ್ದ.

“ಮಾವ, ಶೋರೂಮಿನೋರು ಮುಂದಿನ್ ತಿಂಗ್ಳು ಮುಂದಿನ್ ತಿಂಗ್ಳು ಅಂತಾನೇ ಇದಾರೆ. ಯಾವ್ದೋ ಮ್ಯಾಗ್ನೆಟ್ ಬಂದಿಲ್ವಂತೆ. ಮ್ಯಾಗ್ನೆಟ್‌ಗೂ ಸ್ಕೂಟರ್‌ಗೂ ಏನ್ ಸಂಬಂಧ?”

ಮೋಟರಿನ ಒಳಗೆ ತಿರುಗುವ ಭಾಗಕ್ಕೆ ಸುತ್ತಲೂ ಅಂಟಿಸಿರುವುದು ಅದನ್ನೇ ಎಂದೆ. ಬಿಸಿಯಾದರೂ ಅದರ ಬಲ ಕುಗ್ಗದಿರಲಿ ಎಂದು ನಿಯೋಡಿಮಿಯಂ ಜೊತೆ ಚಿಟಿಕೆಯಷ್ಟು ಡಿಸ್ಪ್ರೋಸಿಯಂ ಹಾಕುತ್ತಾರೆ, ಚೀನಾ ಬಾಗಿಲು ಹಾಕಿದ್ದು ಆ ಚಿಟಿಕೆಗೆ ಎಂದೆ. ಅವನು ಫೋನಿನಲ್ಲಿ ಹುಡುಕಿ, “ಇಂಡಿಯಾ ಪ್ರಪಂಚದಲ್ಲೇ ಮೂರನೇ ಸ್ಥಾನದಲ್ಲಿದೆ ಅಂತ ಇದೆಯಲ್ಲ ಮಾವ, ನಮ್ಮತ್ರಾನೇ ಇದ್ಯಂತಲ್ಲ?” ಎಂದು ನನಗೇ ತಿರುಗಿಸಿ ಕೇಳಿದ.

ಇದೆ. ಅಮೆರಿಕದ ಭೂಸರ್ವೇಕ್ಷಣೆಯ 2025ರ ಲೆಕ್ಕದಲ್ಲಿ ಚೀನಾದ್ದು 4.4 ಕೋಟಿ ಟನ್, ಬ್ರೆಜಿಲಿನದು 2.1 ಕೋಟಿ, ನಮ್ಮದು 69 ಲಕ್ಷ ಟನ್. ನಮ್ಮ ಸರ್ಕಾರದ ಲೆಕ್ಕದಲ್ಲಿ ಹಲವು ರಾಜ್ಯಗಳ ಮರಳಿನಲ್ಲಿ 1.3 ಕೋಟಿ ಟನ್ನಿಗೂ ಮೀರಿ ಮೊನಜೈಟ್, ಅದರಲ್ಲಿ 72 ಲಕ್ಷ ಟನ್ ಈ ವಿರಳ ಲೋಹಗಳ ಆಕ್ಸೈಡು. ಅದು ಬಿಟ್ಟು ಗುಜರಾತ್, ರಾಜಸ್ಥಾನದ ಬಂಡೆಗಳಲ್ಲಿ ಇನ್ನೂ 13 ಲಕ್ಷ ಟನ್. ಆದರೆ 2024ರಲ್ಲಿ ಜಗತ್ತಿನ ಗಣಿಗಳಿಂದ ಹೊರಬಂದದ್ದರಲ್ಲಿ ಚೀನಾದ ಪಾಲು 2.7 ಲಕ್ಷ ಟನ್, ನಮ್ಮದು 2,900 ಟನ್. ಹೊಲದಲ್ಲಿ ರಾಗಿ ಇದೆಯೆಂದ ಮಾತ್ರಕ್ಕೆ ತಟ್ಟೆಗೆ ಮುದ್ದೆ ಬೀಳುವುದಿಲ್ಲ. ಅದರ ಮೇಲೆ ನಮ್ಮ ಮೊನಜೈಟಿನಲ್ಲಿ ಥೋರಿಯಂ ಇರುವುದರಿಂದ ಅದು ಪರಮಾಣು ಕಾನೂನಿನ ಹಿಡಿತದಲ್ಲಿದೆ, ಖಾಸಗಿಯವರು ತಮ್ಮಿಷ್ಟಕ್ಕೆ ಮುಟ್ಟುವ ಹಾಗಿಲ್ಲ. ಕಡಲತೀರದಲ್ಲಿ ಕದ್ದು ತೋಡಿದವರ ಚರಿತ್ರೆ ನೋಡಿದರೆ ಆ ಹಿಡಿತ ಸುಮ್ಮನೆ ಬಂದದ್ದೂ ಅಲ್ಲ. ಇನ್ನೊಂದು ಕೊರತೆ ನಿಸರ್ಗದ್ದೇ: ನಮ್ಮ ಮರಳಿನಲ್ಲಿ ನಿಯೋಡಿಮಿಯಂ ಇದೆ, ಡಿಸ್ಪ್ರೋಸಿಯಂ, ಟರ್ಬಿಯಂ ಇಲ್ಲವೆನ್ನುವಷ್ಟು ಕಡಿಮೆ.

ನೆಲದಡಿಯ ಅಂಕಿಗಳನ್ನು ನಾನು ಬೆರಗಿನಿಂದ ಓದುವುದನ್ನು ಬಿಟ್ಟು ಕೆಲವು ವರ್ಷವಾಯಿತು. ಮಂಡ್ಯದ ಲಿಥಿಯಂ ಸುದ್ದಿ ನೆನಪಿರಬೇಕು. ಲಿಥಿಯಂ ಈ 17ರ ಗುಂಪಿನದಲ್ಲ, ಆದರೆ ಪತ್ರಿಕೆಗಳಲ್ಲಿ ಎರಡನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುತ್ತಾರೆ. 2020ರಲ್ಲಿ ಮಾರ್ಲಗಲ್ಲದ ಸುತ್ತ 14,100 ಟನ್ ಲಿಥಿಯಂ ಇದೆಯೆಂದು ಅಂದಾಜು ಬಂತು. ಮಂಡ್ಯವೇ ಮುಂದಿನ ಕೊಲ್ಲಿ ದೇಶ ಎನ್ನುವಂತೆ ಟಿವಿಗಳು ಕುಣಿದವು. ಮರುವರ್ಷ ಪರಮಾಣು ಖನಿಜ ನಿರ್ದೇಶನಾಲಯ ಹೇಳಿದ ಅಂಕಿ 1,600 ಟನ್. ಅದೂ ಪ್ರಾಥಮಿಕ ಅಂದಾಜು. ಅಲ್ಲಿನ ರೈತರು ಕಬ್ಬು ಕಡಿಯುವುದನ್ನು ನಿಲ್ಲಿಸದಿದ್ದದ್ದು ಒಳ್ಳೆಯದೇ ಆಯಿತು.

ನಮ್ಮ ಬೆಂಗಳೂರಿನ ಕಡೆ ಸಿಗುವ ನಿಯೋಡಿಮಿಯಂ ಇರುವುದು ನೆಲದಡಿಯಲ್ಲಲ್ಲ, ಗುಜರಿಯಲ್ಲಿ. ಟೆಕ್ ಪಾರ್ಕುಗಳು ಹೊರಹಾಕುವ ಹಳೆಯ ಕಂಪ್ಯೂಟರುಗಳ ಪ್ರತಿ ಹಾರ್ಡ್ ಡಿಸ್ಕಿನಲ್ಲೂ ಬಾಗಿದ ಒಂದೆರಡು ಹೊಳೆಯುವ ಬಿಲ್ಲೆಗಳಿರುತ್ತವೆ. ಅವು ಅಪ್ಪಟ ನಿಯೋಡಿಮಿಯಂ ಮ್ಯಾಗ್ನೆಟ್ಟುಗಳು. ದೊಡ್ಡ ಕಂಪನಿಗಳ ಕಸ ಕಾಯಿದೆಯಂತೆ ದಾಬಸ್‌ಪೇಟೆಯ ಇ-ಪರಿಸರದಂಥ ನೋಂದಾಯಿತ ಘಟಕಗಳಿಗೆ ಹೋಗಬೇಕು. ಸೋರಿ ಬಂದದ್ದು ಬೀದಿಯ ಗುಜರಿಗೆ. ನಾಗವಾರದ ಕಡೆಯ ಒಂದು ಅಂಗಡಿಯಲ್ಲಿ ಕಬ್ಬಿಣದ ಬೀರುವಿನ ಬಾಗಿಲಿಗೆ ಅಂಥ ಬಿಲ್ಲೆಗಳು ಸಾಲಾಗಿ ಕಚ್ಚಿಕೊಂಡಿದ್ದವು. ಇದಕ್ಕೇನು ಬೆಲೆ ಎಂದೆ.

“ಇದುನ್ ಯಾರ್ ತಗೋತಾರೆ ಸಾರ್? ಅಲ್ಯೂಮಿನಿಯಂಗೆ ರೇಟೈತೆ, ಬೋರ್ಡ್‌ಗೆ ರೇಟೈತೆ. ಇದು ಬಿಲ್ ಸಿಗಾಕಕ್ಕೆ ಚೆನ್ನಾಗೈತೆ. ಬೇಕಾದ್ರೆ ಎರಡ್ ತಗೊಂಡೋಗಿ.”

ಅವನ ವ್ಯಾಪಾರದ ತಿಳಿವಳಿಕೆಯಲ್ಲಿ ತಪ್ಪಿಲ್ಲ. ಕೊಳ್ಳುವವನಿಲ್ಲದ ಸರಕಿಗೆ ಬೆಲೆ ಎಲ್ಲಿಂದ ಬರಬೇಕು? ನಿರ್ಣಾಯಕ ಖನಿಜಗಳ ಮರುಬಳಕೆಗೆಂದು ಕೇಂದ್ರ ಸರ್ಕಾರ 2025ರ ಸೆಪ್ಟೆಂಬರಿನಲ್ಲಿ 1,500 ಕೋಟಿ ರೂಪಾಯಿಯ ಪ್ರೋತ್ಸಾಹ ಯೋಜನೆ ಘೋಷಿಸಿದೆ. ಅದು ಈ ಬೀರುವಿನವರೆಗೆ ಬಂದರೆ ಅವನೇ ಬಿಲ್ಲೆಗಳನ್ನು ಬಿಡಿಸಿ ತೂಗಿ ಕೊಟ್ಟಾನು.

ಬೆಂಗಳೂರಿನ ಕಂಪನಿಗಳು ಇನ್ನೊಂದು ದಾರಿ ಹಿಡಿದಿವೆ: ಮ್ಯಾಗ್ನೆಟ್ಟೇ ಬೇಡದ, ಇಲ್ಲವೇ ಸಾಧಾರಣ ಫೆರೈಟ್ ಮ್ಯಾಗ್ನೆಟ್ ಸಾಕಾಗುವ ಮೋಟರು. ಚಾರಾ ಟೆಕ್ನಾಲಜೀಸ್ 2019ರಿಂದ ಇದೇ ಕೆಲಸದಲ್ಲಿದೆ. ಓಲಾದ ಫೆರೈಟ್ ಮೋಟರಿಗೆ 2025ರಲ್ಲಿ ಸರ್ಕಾರಿ ಪ್ರಮಾಣಪತ್ರ ಸಿಕ್ಕಿತು. ಅದೇ ಬಲಕ್ಕೆ ಫೆರೈಟ್ ಹೆಚ್ಚು ಬೇಕು, ಮೋಟರಿನ ಆಕಾರವನ್ನೇ ಹೊಸದಾಗಿ ಯೋಚಿಸಬೇಕು. ಸ್ಕೂಟರಿಗೆ ಇದು ಸಾಕು. ರಾಡಾರಿನ ಟ್ಯೂಬಿಗೆ ಸಾಲದು. ಅದಕ್ಕೆಂದೇ 2023ರಲ್ಲಿ ಐಆರ್‌ಇಎಲ್ ವಿಶಾಖಪಟ್ಟಣದಲ್ಲಿ ಸಮೇರಿಯಂ-ಕೋಬಾಲ್ಟ್ ಮ್ಯಾಗ್ನೆಟ್ಟಿನ ಘಟಕ ತೆರೆಯಿತು. ಅದರ ಸಾಮರ್ಥ್ಯ ವರ್ಷಕ್ಕೆ 3,000 ಕಿಲೋ. ಟನ್ನಲ್ಲ, ಕಿಲೋ. ಅಪ್ಪ ಇದ್ದಿದ್ದರೆ, ನಿವೃತ್ತಿಗೆ ಮೊದಲೇ ಬರಬೇಕಿತ್ತು ಎನ್ನುತ್ತಿದ್ದರೇನೋ.

ತಂಗಿಯ ಮಗನ ಸ್ಕೂಟರು ದಸರಾ ಹೊತ್ತಿಗೆ ಬಂತು. ಆಯುಧಪೂಜೆಗೆ ಬೂದುಗುಂಬಳ ಒಡೆದು, ಚಕ್ರಕ್ಕೆ ನಿಂಬೆಹಣ್ಣು ಇಟ್ಟ. ಒಳಗಿನ ಮ್ಯಾಗ್ನೆಟ್ ಎಲ್ಲಿಯದೆಂದು ಅವನು ಕೇಳಲಿಲ್ಲ, ಶೋರೂಮಿನ ಹುಡುಗನಿಗೂ ಗೊತ್ತಿರಲಿಲ್ಲ.

2025ರ ನವೆಂಬರ್ 26ರಂದು ಕೇಂದ್ರ ಸಂಪುಟ 7,280 ಕೋಟಿ ರೂಪಾಯಿಯ ಮ್ಯಾಗ್ನೆಟ್ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಗುರಿ ವರ್ಷಕ್ಕೆ 6,000 ಟನ್. ಕಾರ್ಖಾನೆ ಕಟ್ಟಲು 2 ವರ್ಷ, ಆಮೇಲೆ 5 ವರ್ಷ ಮಾರಾಟದ ಮೇಲೆ ಪ್ರೋತ್ಸಾಹಧನ. ಆಲುವಾ ನಿಂತಾಗ ಇಷ್ಟರಲ್ಲಿ ಒಂದು ಪಾಲು ಖರ್ಚು ಮಾಡಿದ್ದರೂ ಸಾಕಿತ್ತು ಅನ್ನಿಸುತ್ತದೆ, ಇರಲಿ. ಇಂಥ ಮ್ಯಾಗ್ನೆಟ್ಟಿನ ತೂಕದಲ್ಲಿ 100ಕ್ಕೆ ಸುಮಾರು 30 ಪಾಲು ನಿಯೋಡಿಮಿಯಂ ಮತ್ತು ಅದರ ಜೊತೆಯ ಪ್ರಸಿಯೋಡಿಮಿಯಂ. ಅಂದರೆ 6,000 ಟನ್ನಿಗೆ ಬೇಕಾದದ್ದು 1,800 ಟನ್ ಆಸುಪಾಸು. 2026ರ ಮಾರ್ಚಿಗೆ ಮುಗಿಯುವ ವರ್ಷಕ್ಕೆ ಐಆರ್‌ಇಎಲ್ ಹಾಕಿಕೊಂಡ ನಿಯೋಡಿಮಿಯಂ ಗುರಿ 450 ಟನ್, 2030ಕ್ಕೆ ಅದರ ಎರಡರಷ್ಟು. ಎಲ್ಲ ಅಂದುಕೊಂಡಂತೆ ನಡೆದರೂ ಸಿಗುವುದು ಅರ್ಧ ಮಾತ್ರ. ಉಳಿದರ್ಧವನ್ನು ಹೊರಗಿನಿಂದ ತರಬೇಕು, ಇಲ್ಲವೇ ಹಳೆಯ ಮೋಟರು, ಡಿಸ್ಕುಗಳಿಂದ ಕಿತ್ತು ಕರಗಿಸಬೇಕು. ಕರಗಿಸುವ ಕಸುಬು ಬಲ್ಲವರನ್ನು ಈಗಿನಿಂದಲೇ ಹುಡುಕಬೇಕು.